ಅತ್ತೆ ತೊಳೆದು ಒರೆಸಿದ ಗುರುತು

ಹಸುಗಳ ವಿಷಯದಲ್ಲಿ ನಮ್ಮ ಅತ್ತೆಗೆ, ಎಂದರೆ ಅಪ್ಪನ ಅಕ್ಕನಿಗೆ, ಯಾರೂ ಎದುರಾಡುತ್ತಿರಲಿಲ್ಲ. ಗಂಡನ ಮನೆಯಲ್ಲಿ ಹೊಂದಿಕೆಯಾಗದೆ ಹಿಂದಿರುಗಿದವಳು ನಡುಮನೆಗಿಂತ ಕೊಟ್ಟಿಗೆಯಲ್ಲೇ ಹೆಚ್ಚು ಇದ್ದಳು. ಅಪ್ಪ ಅವಳನ್ನು "ನಮ್ಮನೆ ಸೂಲಗಿತ್ತಿ" ಎಂದು ರೇಗಿಸುತ್ತಿದ್ದ. ರೇಗಿಸಲು ಅವನ ಗಂಟೇನು ಹೋಗುತ್ತಿತ್ತು? ಸಗಣಿ ಬಾಚುತ್ತಿದ್ದವಳು ಅವಳು.

ಅಪ್ಪ ಕಾರು ಕೊಂಡ. ಕಾರಿಗೆ ನೆರಳು ಬೇಕೆಂದು ಕೊಟ್ಟಿಗೆ ಖಾಲಿ ಮಾಡಲು ಹೊರಟ. ಒಂದೊಂದೇ ಹಸು ಮಾರಾಟವಾಗಿ, ಕೊನೆಗೆ ಚೊಚ್ಚಲ ಗಬ್ಬದ ಕಡಸೊಂದು ಉಳಿಯಿತು. ಹುಟ್ಟುತ್ತಲೇ ತಾಯಿ ಸತ್ತದ್ದರಿಂದ ಅದನ್ನು ಅತ್ತೆಯೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಕೊಳ್ಳಲು ಒಪ್ಪಿದ್ದ ಹೈನುಗಾರ ಒಂದೇ ಮಾತು ಹೇಳಿ ಹೋಗಿದ್ದ: "ಕರು ಹಾಕೋ ದಿನ ಹತ್ರ ಬಂದಾಗ ಹೇಳಿ, ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಸುಮ್ನೆ ಮೇವು ಹಾಕೋಕೆ ನನಗಾಗಲ್ಲ."

ಹತ್ತಿರ ಬಂತೋ ಇಲ್ಲವೋ ಹೇಳಬೇಕಾದವಳು ಅತ್ತೆ. ಕರು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದರೆ, ಅದರ ಮುಖ ನೋಡಿ ತಮ್ಮನ ಮನಸ್ಸು ಕರಗುತ್ತದೆ, ಮಾರುವ ಮಾತು ಬಿಡುತ್ತಾನೆ ಎಂದು ಅವಳ ಆಸೆ. ನಮ್ಮಪ್ಪನ ಮನಸ್ಸು ಕರಗುವುದಂತೆ!

ಕಡಸು ಕೆಚ್ಚಲು ಕಟ್ಟಿತು. ಅಪ್ಪ ವಿಚಾರಿಸಿದಾಗಲೆಲ್ಲ ಅತ್ತೆಯ ಉತ್ತರ ಒಂದೇ: "ಚೊಚ್ಚಲಲ್ವೇನೋ, ಕೆಚ್ಚಲು ಮುಂಚೇನೇ ಬರುತ್ತೆ. ಇನ್ನೂ ತಿಂಗಳು ಬೇಕು." ಮೊದಲ ಮಾತು ನಿಜ, ಎರಡನೆಯದು ಸುಳ್ಳು. ನನಗೆ ಮಾತ್ರ ಒಮ್ಮೆ ಬಾಲದ ಬುಡ ಮುಟ್ಟಿಸಿ ಹೇಳಿಕೊಟ್ಟಿದ್ದಳು: "ಇಲ್ಲಿ ಎರಡೂ ಪಕ್ಕ ಹಗ್ಗದ ಹಾಗೆ ಬಿಗಿ ಇದೆಯಲ್ಲ, ಇದು ಸಡಿಲವಾಗಿ ಗುಂಡಿ ಬಿದ್ರೆ ಆಯ್ತು, ಇವತ್ತೋ ನಾಳೆಯೋ."

ಒಂದು ಬೆಳಗ್ಗೆ ಗುಂಡಿ ಬಿದ್ದಿತ್ತು. ಕಡಸು ಹುಲ್ಲು ಮುಟ್ಟದೆ, ಕಾಲು ಬದಲಿಸುತ್ತ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಹಿಂದೆ ಲೋಳೆ ಜೋತಾಡುತ್ತಿತ್ತು. ಅತ್ತೆ ಬಿಸಿನೀರು ತಂದು ತೊಳೆದು, ಹಳೆಯ ಸೀರೆಯಿಂದ ಒರೆಸಿ, ಯಾರ ಕಣ್ಣಿಗೂ ಬೀಳದಂತೆ ಮಾಡಿದಳು. ಅಷ್ಟರಲ್ಲೇ ಬಾಗಿಲಿಗೆ ಗಾಡಿ ಬಂತು. ಕಾದು ಬೇಸತ್ತ ಅಪ್ಪ, ಒಂದು ತಿಂಗಳ ಮೇವಿನ ದುಡ್ಡನ್ನು ಬೆಲೆಯಲ್ಲಿ ಮುರಿದುಕೊಳ್ಳಲು ಒಪ್ಪಿ, ಅವಳಿಗೆ ಹೇಳದೆ ಹೈನುಗಾರನನ್ನು ಕರೆಸಿದ್ದ.

ಹೈನುಗಾರ ಕೆಚ್ಚಲು ನೋಡಿದ, ಹಲ್ಲು ನೋಡಿದ. ಹಿಂಭಾಗ ಮಿಂದ ಹಾಗೆ ಶುಭ್ರವಾಗಿತ್ತು. "ದೂರದ ದಾರಿ. ದಿನ ಇದೆ ತಾನೆ?"

"ಇನ್ನೂ ತಿಂಗಳಿದೆ. ನಮ್ಮಕ್ಕನೇ ಹೇಳಿದಾಳೆ," ಎಂದ ಅಪ್ಪ.

"ಇಲ್ಲ ಕಣೋ, ಇವತ್ತೇ ಹಾಕುತ್ತೆ!" ಅತ್ತೆ ಅಡ್ಡ ನಿಂತಳು. "ಗಾಡಿ ಹತ್ತಿಸ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ನಿನ್ನೆ ಕೇಳಿದ್ರೆ ತಿಂಗಳು, ಗಾಡಿ ನೋಡಿದ್ರೆ ಇವತ್ತೇ! ಯಾರ ಕಿವಿ ಮೇಲೆ ಹೂ ಇಡ್ತೀಯಕ್ಕ?"

"ದೇವರಾಣೆ, ಲೋಳೆ ಬಿದ್ದಿತ್ತು. ನಾನೇ ತೊಳೆದೆ."

"ತೊಳೆದ್ಯಾ? ಯಾಕೆ?"

ಬಾಲದ ಬುಡ ಮುಟ್ಟಿ ನೋಡು ಎಂದು ಅತ್ತೆ ಅಂಗಲಾಚಿದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಮುಟ್ಟಲಿಲ್ಲ. ಹೈನುಗಾರ ಆಗಲೇ ಗಾಡಿಯ ಹಲಗೆ ಇಳಿಸುತ್ತಿದ್ದ. ಹಸು ಕೊಡುವ ಮನೆಯಲ್ಲಿ ಹೆಂಗಸರು ಅಳುವುದು ಅವನಿಗೆ ದಿನಾ ಇದ್ದದ್ದೇ.

ಮರುದಿನ ಅದೇ ಗಾಡಿ ಹಿಂದಿರುಗಿತು. ಗಿಡ್ಡ ಹಗ್ಗದಲ್ಲಿ ಬಿಗಿದಿದ್ದರಿಂದ ಕಡಸಿಗೆ ಮಲಗಲು ಆಗಿರಲಿಲ್ಲ. ನಿಂತಲ್ಲೇ ನೋವು ತಿಂದು, ಕರು ಅರ್ಧ ಹೊರಬಂದು ಉಸಿರುಗಟ್ಟಿ ಸತ್ತಿತ್ತಂತೆ. ಕರು ಇಲ್ಲದ ಹಸು ತನಗೆ ಬೇಡವೆಂದು ಹೈನುಗಾರ ಬೈದುಕೊಂಡೇ ಇಳಿಸಿ ಹೋದ.

ಅಪ್ಪ ಅತ್ತೆಯ ಮುಖ ನೋಡದೆ, "ತಗೋ, ನಿನ್ನ ಹಸು ನಿನಗೇ. ಇನ್ನು ಮಾರಲ್ಲ ಬಿಡು," ಎಂದ. ಕಾರನ್ನು ಬೀದಿಯಲ್ಲೇ ಬಿಟ್ಟ. ಅತ್ತೆ ಆಸೆಪಟ್ಟದ್ದು ಇದನ್ನೇ.

ಹಸು ಕೊಟ್ಟಿಗೆಯ ಮೂಲೆ ಮೂಲೆ ಮೂಸಿ ನೋಡಿತು, ಅಂಬಾ ಎಂದು ಕೂಗಿತು, ಮತ್ತೆ ಮೂಸಿತು. ಅತ್ತೆ ಹತ್ತಿರ ಹೋದೊಡನೆ ಅವಳ ಕೈಗಳನ್ನು ನೆಕ್ಕತೊಡಗಿತು, ಆಗತಾನೆ ಹುಟ್ಟಿದ ಕರುವನ್ನು ನೆಕ್ಕುವ ಹಾಗೆ, ಬಿಡದೆ.

"ನನ್ನ ನೆಕ್ಕಬೇಡ ಕಣೇ," ಎಂದು ಅತ್ತೆ ಅಳುತ್ತ ಅಲ್ಲೇ ಕುಸಿದಳು. ಅದು ಮುಖವನ್ನೂ ನೆಕ್ಕಿತು.