ಗುಣವಾಗಿದೆ ಎಂದು ಬರೆದ ಚೀಟಿ

ಶಾಲೆಯ ಸಮವಸ್ತ್ರ ಹೊಲಿಯುವ ಆ ದರ್ಜಿಗೆ ಬಟ್ಟೆಯ ಅಳತೆ ಎಂದೂ ತಪ್ಪಿದ್ದಿಲ್ಲ. ಮಾತಿಗೆ ಮಾತ್ರ ಅಳತೆಯೇ ಇರಲಿಲ್ಲ. ಎಂಟು ವರ್ಷದ ಮಗಳೂ ಅದೇ ತಾನಿನ ತುಂಡು. ಒಂದು ಪದ ಹೇಳಬೇಕಾದಲ್ಲಿ ಇನ್ನೊಂದನ್ನು ಎಸೆದು ನಗಿಸುವುದು ಅಪ್ಪ-ಮಗಳ ಆಟ.

ಒಂದು ದಿನ ಮಗಳಿಗೆ ಸ್ವಲ್ಪ ಮೈ ಬಿಸಿ. ಶಾಲೆಗೆ ಹೋಗದೆ ಹೊಲಿಗೆ ಯಂತ್ರದ ಪಕ್ಕ ಕೂತಿದ್ದಳು. ಅಪ್ಪ ಕತ್ತರಿ ಕೇಳಿದರೆ ಟೇಪು ಕೊಟ್ಟು, "ತಗೋ, ಕತ್ತಲೆ" ಎಂದಳು.

"ಭಲೇ ನನ್ನ ಮಗಳೇ!" ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ನಕ್ಕ.

ಹೆಂಡತಿ ನಗಲಿಲ್ಲ. "ಯಾಕೋ ಸರಿಯಿಲ್ಲ ಕಣ್ರೀ ಇವಳು."

"ನಿಂಗೆ ಹಾಸ್ಯ ಅರ್ಥ ಆಗಲ್ಲ, ಸುಮ್ನಿರು."

ಮರುದಿನ ಬೆಳಿಗ್ಗೆ ಮಗಳಿಗೆ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಬೆನ್ನುಹುರಿಯ ನೀರು ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿಗೆ ಊತ. "ಕೆಲವರಿಗೆ ವೈರಸ್ಸು, ಕೆಲವರಿಗೆ ಸೊಳ್ಳೆ ಕಡಿತ, ಕೆಲವು ಸಲ ರೋಗ ತಡೆಯೋ ಮೈಯ ಕಾವಲುಗಾರನೇ ತಪ್ಪು ತಿಳಿದು ಮನೆಯವರನ್ನು ಹೊಡೀತಾನೆ. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗೋದೇ ಇಲ್ಲ. ಇವಳಲ್ಲೂ ಸಿಗಲಿಲ್ಲ" ಎಂದರು ಡಾಕ್ಟರಮ್ಮ.

"ಒಂದಿನ ಮೊದ್ಲೇ ತಂದಿದ್ರೆ?" ಎಂದ ದರ್ಜಿ.

ಆಕೆ ಪೆನ್ನಿನ ಮುಚ್ಚಳ ನೋಡಿದರು. "ಹೇಳೋಕಾಗಲ್ಲ."

ಕಾಲಿಂಚು ಜಾಸ್ತಿಯಾದರೂ ಬಿಚ್ಚಿ ಹೊಲಿಯುವವನಿಗೆ ಈ ಉತ್ತರಕ್ಕೆ ಎಲ್ಲಿ ಟೇಪು ಹಿಡಿಯುವುದೆಂದು ತಿಳಿಯಲಿಲ್ಲ.

ಮನೆಗೆ ಕಳಿಸುವ ಚೀಟಿಯಲ್ಲಿ 'ಗುಣವಾಗಿದೆ' ಎಂದಿತ್ತು. ಮನೆಯಲ್ಲಿ ಮಗಳು ತಟ್ಟೆ ಎಸೆದಳು, ತಾಯಿಯನ್ನು ಕಚ್ಚಿದಳು. ಅಕ್ಷರ ಮರೆತಿತ್ತು, ಬಲಗೈ ನಡುಗುತ್ತಿತ್ತು.

"ಜ್ವರ ಗುಣ ಆಯ್ತು. ಮಗಳ ಗುಣವೇ ಹೋಯ್ತಲ್ರೀ" ಎಂದಳು ಹೆಂಡತಿ. ಜೀವಮಾನದಲ್ಲಿ ಆಕೆ ಮಾಡಿದ ಮೊದಲ ಶ್ಲೇಷೆ. ಕೇಳಿ ನಗುವವರೇ ಇರಲಿಲ್ಲ.

ಅಂದಿನಿಂದ ದರ್ಜಿ ತಮಾಷೆ ಬಿಟ್ಟ. ವಸ್ತುಗಳ ಹೆಸರು ದಿನಾ ಹೇಳಿಸಿ ಎಂದಿದ್ದರು ಡಾಕ್ಟರಮ್ಮ; ಸೂಜಿ, ದಾರ, ಗುಂಡಿ ಎಂದು ಹೇಳಿಸುತ್ತಿದ್ದ. ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, "ಕತ್ತರಿ ಕೊಡಮ್ಮ" ಎಂದ. ಮಗಳು ಎಡಗೈಯಲ್ಲಿ ಕತ್ತರಿಯನ್ನೇ ಕೊಟ್ಟಳು. ಕೊಡುತ್ತ ಹೇಳಿದಳು: "ಕತ್ತಲೆ."

ಅಪ್ಪ ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದ. ಅವಳ ಹಣೆ ಮುಟ್ಟಿದ. ತಣ್ಣಗಿತ್ತು. ಅವಳ ತುಟಿಯ ಅಂಚು ನಗುವಿಗೆ ಅಲುಗಿತೋ, ಅದೂ ನಡುಕವೋ? ನಕ್ಕರೆ ಕಷ್ಟ, ನಗದಿದ್ದರೆ ಇನ್ನೂ ಕಷ್ಟ.

"ಏಯ್, ಚಪ್ಪಲಿ ಹಾಕ್ಕೋ! ಆಸ್ಪತ್ರೆಗೆ ಹೋಗೋಣ" ಎಂದು ಹೆಂಡತಿಯನ್ನು ಕೂಗಿದ.

ಮಗಳು ಅಪ್ಪನನ್ನೇ ನೋಡುತ್ತ, ಒಂದೊಂದೇ ಪದ ಹುಡುಕಿ, ತಾಯಿಗೆ ದೂರಿದಳು: "ಅಪ್ಪಂಗೆ... ಹಾಸಿಗೆ ಅರ್ಥ ಆಗಲ್ಲ."

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವನು ಹಾಗೇ ನಿಂತ.