ಶೆಟ್ಟರ ಗೋತ್ರ

ಹೆಸರು, ಊರು ಕೇಳಿಕೊಂಡ ಮೇಲೆ ಬೇಲೂರಿನ ಅರ್ಚಕರು "ಗೋತ್ರ?" ಎಂದರು.

ಚೀನಾ ಯುದ್ಧ ಮುಗಿದ ಮರುವರ್ಷ. ನಾನು ಗುಪ್ತಚರ ಇಲಾಖೆಯಲ್ಲಿದ್ದೆ. ಸೈನ್ಯದ ಗುಟ್ಟು ಮಾರುತ್ತಿದ್ದಾನೆಂಬ ಗುಮಾನಿಯ ಮೇಲೆ ಒಬ್ಬನ ಬೆನ್ನು ಹತ್ತಿದ್ದೆ. ಗುಡಿಯಲ್ಲಿ ಅವನು ಯಾರನ್ನೋ ಕಾಣಲಿದ್ದ. ಆ ಇನ್ನೊಬ್ಬನ ಮುಖ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೇ ನಾನು ಬೆನ್ನು ಹತ್ತಿದವನ ಪಕ್ಕದಲ್ಲಿ ಹಣ್ಣುಕಾಯಿ ಹಿಡಿದು ನಿಂತಿದ್ದೆ.

ಬೆಂಗಳೂರಿನ ಮೇಲಧಿಕಾರಿ ನನ್ನನ್ನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ವೆಂಕಟರಾಮ ಶೆಟ್ಟಿಯಾಗಿ ಮಾಡಿ ಕಳಿಸಿದ್ದರು. ಹೆಸರು, ಅಂಗಡಿ, ಬೀದಿ ಎಲ್ಲ ಬಾಯಿಪಾಠ ಮಾಡಿಸಿದ್ದರು. ಗುಡಿಗೆ ಹೋಗುವವನಿಗೆ ಗೋತ್ರ ಬೇಕೆಂದು ಆ ಮಹಾಶಯರಿಗೆ ಹೊಳೆಯಲೇ ಇಲ್ಲ.

"ಭಾರದ್ವಾಜ" ಎಂದುಬಿಟ್ಟೆ. ಬ್ರಾಹ್ಮಣನಾದ ನನ್ನ ಸ್ವಂತ ಗೋತ್ರ. ಉಪನಯನದಿಂದ ಹೇಳಿಕೊಂಡು ಬಂದದ್ದು.

ಅರ್ಚಕರು ಮಂತ್ರ ನಿಲ್ಲಿಸಿದರು. "ಏನ್ ಶೆಟ್ರೇ, ನಮ್ಮ ಗೋತ್ರ ನಿಮಗೆಲ್ಲಿಂದ ಬಂತು? ಯಾರ ಮನೆಯವರು ನೀವು? ಅರಸೀಕೆರೆ ಶೆಟ್ಟರನ್ನೆಲ್ಲ ನಾನು ಬಲ್ಲೆ ಕಣ್ರೀ."

ಪಕ್ಕದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ಬಿಡಿ ಸ್ವಾಮಿ, ಅವರದು ಸರ್ಕಾರಿ ಗೋತ್ರ ಇರಬೇಕು."

ತೀರ್ಥ ಕುಡಿದು, ಕೈಯನ್ನು ತಲೆಗೆ ಸವರಿಕೊಂಡು ನಿಧಾನವಾಗಿ ಹೊರಟ. ಯಾರನ್ನೂ ಕಾಣದೆ ನೇರ ಬಸ್ಸು ಹತ್ತಿದ.

"ಅಷ್ಟು ಸುಳ್ಳೂ ಹೇಳೋಕೆ ಬರಲ್ವೇನ್ರೀ ನಿಮಗೆ?" ಎಂದರು ಮೇಲಧಿಕಾರಿ. ದೇವರೆದುರು ನಿಂತು ಸುಳ್ಳು ಗೋತ್ರ ಹೇಳಿ ನೋಡಬೇಕಿತ್ತು ಆ ಮನುಷ್ಯ! ಕುರ್ಚಿ ಬಿಟ್ಟು ಎದ್ದವರೇ ಅಲ್ಲ.

ಅವರಿಗೆ ಬಡ್ತಿ ಸಿಕ್ಕಿತು. ಆ ಇನ್ನೊಬ್ಬ ಯಾರೆಂಬುದು ಗೊತ್ತಾಗಲಿಲ್ಲ.