‘ಹೌದು’ ಗುಂಡಿಯ ಮೇಲಿನ ಕಲ್ಲು

ಅಬೆನಾ ನ್ಯಾರ್ಕೊಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಕುಮಾಸಿ ಪಟ್ಟಣದ ಟಾಫೊ ಕಡೆ ಎಲ್ಲರಿಗೂ ಗೊತ್ತು. ಜೋಳದ ಹಿಟ್ಟಿನ ಕೆಂಕಿ ಕಡುಬು ಮಾರುವವಳು ಮೀನಿನ ಸಣ್ಣ ತುಂಡು ಇಟ್ಟರೆ ಕೋಪ. ಹೆಣ್ಣುಮಕ್ಕಳ ಶಾಲೆಯಲ್ಲಿ ಇವಳು ಕಲಿಸುವ ಗಣಿತದ ಪಾಠದ ಹೊತ್ತಿಗೇ ಪ್ರಾರ್ಥನೆ ಇಟ್ಟರೆ ಕೋಪ. ಕರೆಂಟು ಹೋದರಂತೂ ಕೇಳಲೇಬೇಡಿ. ಅದಕ್ಕೆ ಕಾರಣವೂ ಇತ್ತು. ಕರೆಂಟು ಹೋದಾಗ ಕಂಪ್ಯೂಟರಿನ ಡಿಸ್ಕಿನಲ್ಲಿ ಅರ್ಧಂಬರ್ಧ ಬರೆದದ್ದೆಲ್ಲ ಚೆಲ್ಲಾಪಿಲ್ಲಿಯಾಗುತ್ತದಲ್ಲ, ಅದನ್ನು ಹುಡುಕಿ ಸರಿಪಡಿಸುವ ಪ್ರೋಗ್ರಾಮು ಬರೆದು, ವರ್ಷಗಟ್ಟಲೆ ಅದನ್ನು ಸಾಕಿಕೊಂಡು ಬಂದವಳು ಅವಳೇ. ಯಾರು ಬೇಕಾದರೂ ಬಿಚ್ಚಿ ನೋಡಿ, ಪುಕ್ಕಟೆ ಬಳಸಬಹುದಾದ ಒಂದು ಮುಕ್ತ ವ್ಯವಸ್ಥೆಯ ಮೂಲೆ ಅದು. ಜಗತ್ತೆಲ್ಲ ಬಳಸುತ್ತದೆ. ಸರಿಯಿದ್ದಾಗ ಅವಳ ಹೆಸರು ಕೇಳುವವರಿಲ್ಲ, ಕೆಟ್ಟಾಗ ಬೈಗುಳ ಮಾತ್ರ ವಿಳಾಸ ತಪ್ಪದೆ ಬರುತ್ತದೆ.

ಹೆಸರೂ ಇಲ್ಲದ, ಯಾವ ಕಡತಕ್ಕೂ ಸೇರದ ತುಂಡೊಂದು ಡಿಸ್ಕಿನಲ್ಲಿ ಸಿಕ್ಕರೆ ಅವಳ ಪ್ರೋಗ್ರಾಮು ನಿಂತು ಕೇಳುತ್ತದೆ: ‘ಇದಕ್ಕೆ ತಾಯಿಯಿಲ್ಲ. ಎಸೆಯಲೇ?’ ಹೌದು ಎಂದರೆ ಎಸೆಯುತ್ತದೆ. ಇಲ್ಲ ಎಂದರೆ ಡಿಸ್ಕಿನದೇ ಒಂದು ಕೋಣೆಯಲ್ಲಿ ಜೋಪಾನವಾಗಿ ಇಡುತ್ತದೆ. ಹಾಲೆಂಡಿನಲ್ಲಿ ಕೂತು ಇವಳ ಜೊತೆ ಕೆಲಸ ಮಾಡುವ ಯೋಸ್ಟನಿಗೆ ಈ ಪ್ರಶ್ನೆ ಕಂಡರಾಗದು. ‘ಯಾರೂ ಓದಲ್ಲ ಅಬೆನಾ. ಪ್ರಶ್ನೆ ಕಿತ್ತುಹಾಕಿ ಎಲ್ಲಾನೂ ಎಸೆದುಬಿಡೋಣ, ಬೇಗ ಮುಗಿಯತ್ತೆ’ ಎಂದು ಮತ್ತೆ ಮತ್ತೆ ಬರೆಯುತ್ತಿದ್ದ. ಅವನ ಊರಿನಲ್ಲಿ ಕರೆಂಟು ಹೋಗುವುದಿಲ್ಲ. ಕರೆಂಟೇ ಹೋಗದವನು ಕತ್ತಲೆಯ ಬಗ್ಗೆ ಉಪದೇಶ ಮಾಡಿದರೆ ಯಾರಿಗೆ ಉರಿಯುವುದಿಲ್ಲ? ‘ಓದದಿದ್ರೆ ಅವರ ಹಣೆಬರಹ. ಕೇಳೋದು ನನ್ನ ಧರ್ಮ’ ಎಂದು ಇವಳು ಉತ್ತರಿಸುತ್ತಿದ್ದಳು.

ಅಬೆನಾಳ ತಾಯಿ ಪೊಕುವಾ, ಬೀದಿಯ ಹೆಂಗಸರ ಹಾಡಿನ ತಂಡ ಕಟ್ಟಿದವಳು, ಹಾಡುಗಳನ್ನೂ ಕಟ್ಟಿದವಳು. ಆಕೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಕಾರ್ಯಕ್ಕೆ ಎಲ್ಲರೂ ಕಪ್ಪು-ಬಿಳುಪಿನ ಬಟ್ಟೆ ಹೊಲಿಸಿಯಾಗಿತ್ತು. ಅಂದು ಆಕೆಯ ದನಿಯೇ ಧ್ವನಿವರ್ಧಕದಲ್ಲಿ ಕೇಳಬೇಕೆಂದು ತೀರ್ಮಾನವೂ ಆಗಿತ್ತು. ಆ ಹಾಡುಗಳಿದ್ದದ್ದು ತಂಡದ ಒಂದೇ ಒಂದು ಡಿಸ್ಕಿನಲ್ಲಿ. ಇನ್ನೊಂದು ಪ್ರತಿ ಮಾಡಿಕೊಡು ಎಂದು ತಾಯಿ ಬದುಕಿದ್ದಾಗಲೇ ಅಬೆನಾ ಕೇಳಿದ್ದಳು. “ಹಾಡು ತಂಡದ್ದು ಕಣೆ, ನಿನ್ನಪ್ಪನ ಮನೆ ಆಸ್ತಿ ಅಲ್ಲ” ಎಂದು ತಾಯಿ ಗದರಿಸಿ ಕಳಿಸಿದ್ದಳು.

ಕಾರ್ಯ ಇನ್ನೇನು ಬಂತು ಅನ್ನುವಾಗ, ಈಗ ತಂಡ ನಡೆಸುವ ಸೆರ್ವಾ ಚಿಕ್ಕಮ್ಮ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

“ಸಿಟ್ಟಾಗ್ಬೇಡ ಮಗಳೆ.”

ಆ ಮಾತಿಗೇ ಅಬೆನಾಗೆ ಸಿಟ್ಟು ಬಂತು. “ಏನಾಯ್ತು, ಬಾಯ್ಬಿಡು ಚಿಕ್ಕಮ್ಮ.”

“ಹಾಡು ಮೊಬೈಲಿಗೆ ಹಾಕ್ಕೊಳ್ತಿದ್ವಿ. ಕರೆಂಟ್ ಹೋಯ್ತು. ಆಮೇಲೆ ಇದು ತೆರೀಲೇ ಇಲ್ಲ. ಮಾರ್ಕೆಟ್ಟಲ್ಲಿ ಡೊಂಕೊ ರಿಪೇರಿ ಅಂಗಡಿಗೆ ಕೊಟ್ಟೆ. ಈಗ ತೆರೆಯತ್ತೆ, ಒಳಗೆ ನಮ್ದೇನೂ ಇಲ್ಲ.”

“ಮನೇಲಿ ನಾನ್ ಬದುಕಿದ್ದೀನಲ್ಲ! ಅಂಗಡಿಗೆ ಯಾಕ್ ಕೊಟ್ಟೆ?”

“ನಿನ್ ಬಾಯಿಗೆ ಹೆದ್ರಿ.”

ಅಬೆನಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅಂಗಡಿಯಲ್ಲಿ ಡೊಂಕೊ ಎಲೆಯ ಮೇಲಿನ ಅನ್ನ-ಕಾಳು ತಿನ್ನುತ್ತ ಕೂತಿದ್ದ. ಎದುರಿನ ಪರದೆಯ ಮೇಲೆ ಅವಳದೇ ಪ್ರಶ್ನೆಗಳು ಒಂದರ ಹಿಂದೊಂದು ಓಡುತ್ತಿದ್ದವು, ಪ್ರತಿಯೊಂದಕ್ಕೂ ‘ಹೌದು’ ಎಂಬ ಉತ್ತರ ತಾನಾಗಿ ಬೀಳುತ್ತಿತ್ತು. ನೋಡಿದರೆ, ‘ಹೌದು’ ಗುಂಡಿಯ ಮೇಲೆ ಒಂದು ನುಣುಪಾದ ಕಲ್ಲು.

“ಏನಯ್ಯಾ ಇದು ಕಲ್ಲು?”

“ಅದಾ? ಈ ಪ್ರೋಗ್ರಾಮ್ ಬಾಯಿಬಡುಕಿ ಅಕ್ಕಾ. ಎಸೀಲಾ, ಎಸೀಲಾ ಅಂತ ಸಾವಿರ ಸಲ ಕೇಳತ್ತೆ, ಬೆರಳು ನೋಯತ್ತೆ. ಮಾರ್ಕೆಟ್ಟಲ್ಲಿ ಎಲ್ಲಾರೂ ಕಲ್ಲೇ ಇಡೋದು.”

“ಏನ್ ಎಸೀತಿದೆ ಅಂತ ಓದಿದ್ಯಾ?”

“ಓದ್ತಾ ಕೂತ್ರೆ ಹೊಟ್ಟೆಗೇನ್ ತಿನ್ಲಿ? ಅದನ್ನ ಬರ್ದೋನು ಯಾರೋ ಮಾಡೋಕೆ ಕೆಲ್ಸ ಇಲ್ದೋನು, ಬಿಡಿ.”

“ಬರ್ದೋಳು ನಾನು.”

ಡೊಂಕೊನ ಕೈ ತುತ್ತಿನ ಸಮೇತ ನಿಂತಿತು.

“ಸೆರ್ವಾ ಚಿಕ್ಕಮ್ಮನ ಡಿಸ್ಕಿಗೂ ಕಲ್ಲಿಟ್ಯಾ?”

“ಹೂಂ ಅಕ್ಕಾ. ಆಮೇಲೆ... ಸರಿಹೋಯ್ತಾ ಅಂತ ನೋಡೋಕೆ ತುಂಬಾ ಸಿನಿಮಾ ತುಂಬಿಸ್ದೆ.”

ಎಸೆದದ್ದನ್ನಾದರೂ ಕಸದಿಂದ ಹೆಕ್ಕಬಹುದಿತ್ತು. ಅದರ ಮೇಲೆಯೇ ಸಿನಿಮಾ ಬರೆದ ಮೇಲೆ ಹೆಕ್ಕುವುದೇನನ್ನು? “ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನು ನೀನು!” ಎಂದು ಅವಳು ಕೂಗಿದ್ದು ಮಾರ್ಕೆಟ್ಟಿನ ಆ ತುದಿಗೂ ಕೇಳಿತು. ಕಲ್ಲನ್ನು ಕಿತ್ತುಕೊಂಡು, ಮುಷ್ಟಿಯಲ್ಲಿ ಹಿಡಿದು ನಡೆದಳು. ಟೊಮೇಟೊ ಮಾರುವವರು ಬುಟ್ಟಿ ಸರಿಸಿ ದಾರಿ ಬಿಟ್ಟರು.

ಮೊದಲು ಡೊಂಕೊನ ಮೇಲೆ ಉರಿಯಿತು. ಆಮೇಲೆ, ಯಾರೂ ಓದುವುದಿಲ್ಲ ಎಂಬ ಮಾತನ್ನು ನಿಜ ಮಾಡಿಕೊಂಡ ಯೋಸ್ಟನ ಮೇಲೆ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕೋಪವೆಲ್ಲ ಅವಳ ಮೇಲೆಯೇ ತಿರುಗಿತ್ತು. ತಾಯಿಯಿಲ್ಲದ ಕೂಸು ಕಂಡರೆ ಈ ಸೀಮೆಯ ಅಸಾಂಟೆ ಜನ ಎಸೆಯಲೇ ಎಂದು ಕೇಳುತ್ತಾರೆಯೇ? ತಾಯಿಯ ಕುಲದವರು ಯಾರೋ ಒಬ್ಬರು ಒಳಗೆ ಕರೆದು ಫುಫು ಮುದ್ದೆ ಇಡುತ್ತಾರೆ. ಎಸೆಯಲೇ ಎಂದು ಕೇಳಿದವಳು ಅಬೆನಾ. ಕಲ್ಲು ಉತ್ತರ ಕೊಟ್ಟಿತು, ಅಷ್ಟೆ.

ಪ್ರಶ್ನೆಯನ್ನು ಅವಳೇ ಕಿತ್ತುಹಾಕಿದಳು. ಇನ್ನು ಮುಂದೆ ತಾಯಿಯಿಲ್ಲದ ತುಂಡೆಲ್ಲ ಕೇಳದೆಯೇ ಕೋಣೆ ಸೇರುತ್ತದೆ. ಎಸೆಯಬೇಕೆನ್ನುವವರು ಒಳಗೆ ಹೋಗಿ, ಮುಖ ನೋಡಿ, ತಮ್ಮ ಕೈಯಾರೆ ಎಸೆಯಬೇಕು.

‘ಡಿಸ್ಕ್ ತುಂಬಾ ಕಸ ಆಗಲ್ವಾ?’ ಎಂದು ಯೋಸ್ಟ್ ಬರೆದ.

‘ಆಗ್ಲಿ. ಕಸ ಅಂತ ನಿಂಗೆ ಹೇಳಿದೋರು ಯಾರು?’ ಎಂದು ಬರೆದಳು.

ತಾಯಿಯ ಡಿಸ್ಕನ್ನು ಮೂಲೆಮೂಲೆಯೂ ಜಾಲಾಡಿದಳು. ಒಂದು ಹಾಡೂ ಸಿಗಲಿಲ್ಲ. ಸಿನಿಮಾಗಳ ನಡುವೆ ಸಿಕ್ಕಿಬಿದ್ದು ಉಳಿದದ್ದು ದನಿಯ ಒಂದೇ ಚೂರು. ಅದನ್ನು ಕೇಳಿ, ಕೂಡಲೇ ಇನ್ನೊಂದು ಪ್ರತಿ ಮಾಡಿಟ್ಟಳು.

ಕಾರ್ಯದ ದಿನ ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಡೊಂಕೊ ತಲೆ ತಗ್ಗಿಸಿಕೊಂಡು ಧ್ವನಿವರ್ಧಕ ಹೊತ್ತು ತಂದಿದ್ದ. ಹಾಡಿಲ್ಲ ಎಂದು ಗೊತ್ತಿದ್ದ ತಂಡದ ಹೆಂಗಸರು, ತಮಗೂ ಸರಿಯಾಗಿ ನೆನಪಿಲ್ಲವೆಂದು ಒಬ್ಬರ ಹಿಂದೊಬ್ಬರು ಅಡಗಿ ಕೂತಿದ್ದರು. ಅಬೆನಾ ಗುಂಡಿ ಒತ್ತಿದಳು. ಒಂದು ಕೆಮ್ಮು, ಆಮೇಲೆ ಪೊಕುವಾಳ ದನಿ:

“ನಿಲ್ಸಿ, ನಿಲ್ಸಿ! ಕೋಳಿಗಳ ಥರ ಕೂಗ್ತೀರಲ್ರೇ! ಮತ್ತೆ ಮೊದ್ಲಿಂದ ಹಾಡಿ!”

ಸೆರ್ವಾ ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ, ಬೈಸಿಕೊಂಡ ಹುಡುಗಿಯಂತೆ ಗಂಟಲು ಸರಿಮಾಡಿಕೊಂಡು, ಮೊದಲಿಂದ ಎತ್ತಿಕೊಂಡಳು. ಉಳಿದವರು ಒಬ್ಬೊಬ್ಬರಾಗಿ ಎದ್ದು ದನಿ ಸೇರಿಸಿದರು. ಅಬೆನಾ ಅಳಲಿಲ್ಲ, ಅವಳಿಗಿನ್ನೂ ಸಿಟ್ಟೇ ಇತ್ತು. ಹಾಡಿನ ಎರಡನೆಯ ಸಾಲಿನಲ್ಲಿ ಅವರು ತಪ್ಪಿದಾಗ ತಾಯಿಯ ಆ ಚೂರನ್ನು ಮತ್ತೆ ಹಾಕಿದಳು.